ತುಕ್ಕು ಹಿಡಿಯದ ಟಾಪ್

ಸುಗುಣಾ, ನಿಮ್ಮಪ್ಪನ ಇಂಪಾಲಾ ಕಾರಿನ ಟಾಪನ್ನು ತುಕ್ಕು ತಿನ್ನಲಿಲ್ಲ. ನಾನು ಕೊಯ್ಸಿದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದವನು ನಾನು, ಕಟ್ಟರ್ ಹಿಡಿದು ನಿಂತವನಿಗೆ ‘ಹಾಕು’ ಎಂದವನೂ ನಾನು. ನಿನಗೆ ಹೇಳಿದ್ದು ಸುಳ್ಳು. ಆ ಸುಳ್ಳನ್ನು ನಿನ್ನ ತಲೆಯ ಮೇಲೆ ಹೊರಿಸಿ, ಇಷ್ಟು ವರ್ಷ ಹಾರ ಹಾಕಿಸಿಕೊಂಡು ತಿರುಗಿದೆ.

ಬರೆಯಲು ಕುಳಿತರೆ ಮೊದಲು ಬರುವುದು ಗಾಡಿಯ ಹೆಮ್ಮೆಯೇ — ಅದನ್ನು ಬಚ್ಚಿಟ್ಟರೆ ಇದು ಇನ್ನೊಂದು ಸುಳ್ಳಾಗುತ್ತದೆ. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿದು ಬೆಳೆದವನು ನಾನು. ಗೂಡು ಸ್ವಂತದ್ದಾದ ಮೇಲೂ ಜನಕ್ಕೆ ‘ಇಟ್ಟಿಗೆ ಮುನಿರಾಜು’ವೇ. ಇಂಪಾಲಾ ಬಂದ ದಿನದಿಂದ ‘ಇಂಪಾಲಾ ಮುನಿರಾಜು’. ಅಮೆರಿಕದವರು ಮಾಡಿದ ಗಾಡಿ ಮಾಲೂರಿನವನಿಗೆ ಹೊಸ ಹೆಸರು ಕೊಟ್ಟಿತು. ಸಣ್ಣ ಮಾತಲ್ಲ.

ಗೌನಿಪಲ್ಲಿಯಲ್ಲಿ, ನಿಮ್ಮ ತೋಟದ ಮಾವಿನ ಮರದ ಕೆಳಗೆ ಅದನ್ನು ಮೊದಲು ನೋಡಿದಾಗ ಚಕ್ರಗಳು ಮಣ್ಣಿಗೆ ಕೂತಿದ್ದವು. ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ನೋಡಿದ ಕೂಡಲೇ ಬೇಕೆನಿಸಿತು, ಆದರೂ ಮುಖ ಸಿಂಡರಿಸಿಕೊಂಡೇ ಸುತ್ತು ಹಾಕಿದೆ. ಹಳೆಯ ಗಾಡಿ ಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಬಣ್ಣ ನೋಡಬೇಡಿ, ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗಿ, ಪುಟ್ಟಿ ಮೆತ್ತಿದ ಕಡೆ ಅದು ಅಂಟುವುದಿಲ್ಲ. ನನಗೆ ಅದೂ ಬೇಕಿರಲಿಲ್ಲ. ಚೆನ್ನಾಗಿ ಬೆಂದ ಇಟ್ಟಿಗೆ ತಟ್ಟಿದರೆ ಖಣ್ ಎನ್ನುತ್ತದೆ, ಅರೆಬೆಂದದ್ದು ದಬ್ ಎನ್ನುತ್ತದೆ. ಆ ಕಿವಿಯನ್ನೇ ನಂಬಿ, ಬೆರಳ ಗಿಣ್ಣಿನಿಂದ ಟಾಪನ್ನು ಉದ್ದಕ್ಕೂ ತಟ್ಟಿದೆ.

“ಏನಯ್ಯಾ, ಅದೇನ್ ನಿನ್ನ ಇಟ್ಟಿಗೇನಾ?” ಎಂದು ನಿಮ್ಮಪ್ಪ ನಕ್ಕರು.

“ಇಟ್ಟಿಗೆ ಆಗಿದ್ರೆ ಲಾರಿ ವಾಪಸ್ ಕಳಿಸ್ತಿದ್ದೆ ರೆಡ್ಡಿಯವರೇ,” ಎಂದೆ.

ವ್ಯಾಪಾರದ ಮಾತು ಅದು. ಟಾಪ್ ಈ ತುದಿಯಿಂದ ಆ ತುದಿಯವರೆಗೆ ಖಣ್ ಎಂದಿತ್ತು.

ಮಾತು ಕುದುರಿತು. ಕೀಲಿ ಕೊಡುವಾಗ ಅವರು “ಏಮೈನಾ ಚೇಸ್ಕೋ ನಾಯನಾ” ಎಂದರು — ಏನು ಬೇಕಾದರೂ ಮಾಡಿಕೋ ಎಂದು. ಆಮೇಲಿನ ಮಾತನ್ನು ಮಾತ್ರ, ನನಗೆ ಸರಿಯಾಗಿ ತಲುಪಲಿ ಎಂದೋ ಏನೋ, ಕನ್ನಡದಲ್ಲಿ ಹೇಳಿದರು. “ಟಾಪ್ ಮುಟ್ಬೇಡ. ನಮ್ ಸುಗುಣ ಚಿಕ್ಕೋಳಿದ್ದಾಗ, ಗಾಡಿ ತೋಟಕ್ಕೆ ತಂದಾಗೆಲ್ಲ ಅದರ ಮೇಲೆ ಹತ್ತಿ ಮಾವಿನಕಾಯಿ ಕೀಳ್ತಿದ್ಲು.” ನಿನ್ನ ಮೊಣಕಾಲು ಊರಿ ಊರಿ ಬಿದ್ದ ತಗ್ಗನ್ನು ಅಂಗೈಯಲ್ಲಿ ಸವರಿ ತೋರಿಸಿದರು.

“ಮುಟ್ಟಲ್ಲ,” ಎಂದೆ. ಆಗ ನನ್ನ ಕೈ ಅವರ ಕೈಯಲ್ಲಿತ್ತು.

ಡೀಸೆಲ್ ಎಂಜಿನ್ ಕೂರಿಸಿಬಿಡು ಎಂದು ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಅದರ ಎಂಟು ಸಿಲಿಂಡರಿನ ಎಂಜಿನ್ನನ್ನೇ ಎಬ್ಬಿಸಿದೆ. ಬಾದಾಮಿ ಮಾವಿನ ಹಣ್ಣಿನ ಬಣ್ಣ ಹೊಡೆಸಿದೆ, ಬಂಪರಿಗೆ ಮುಖ ಕಾಣುವಂಥ ಹೊಳಪು ಕೊಡಿಸಿದೆ. ನನ್ನ ಸಮ ಯಾರೂ ಇಲ್ಲ ಎಂದುಕೊಂಡು ಮುಳಬಾಗಿಲಿನ ಒಂದು ಮದುವೆ ಮೆರವಣಿಗೆಗೆ ಹೋದರೆ, ಅಲ್ಲೊಬ್ಬ ತೆರೆದ ಗಾಡಿ ತಂದಿದ್ದ. ಗಂಡು ಹೆಣ್ಣು ಅದರಲ್ಲೇ ಕೂತರು. ಅವನು ನನ್ನ ಟಾಪಿನ ಮೇಲೆ ಕೈಯಿಟ್ಟು, “ಏನಣ್ಣ, ಮುಚ್ಚಳ ಹಾಕಿದ್ ಡಬ್ಬಿ ತಂದಿದೀಯಾ?” ಎಂದ. ನೆರೆದವರೆಲ್ಲ ನಕ್ಕರು.

ಅಷ್ಟೇ ಕಣಮ್ಮಾ. ಆ ನಗುವಿಗೆ ನಿಮ್ಮಪ್ಪನ ಮಾತನ್ನು ಮಾರಿಬಿಟ್ಟೆ.

ಕೊಯ್ದ ಕೆಲಸವೂ ಅಂಥಿಂಥದ್ದಲ್ಲ — ನೋಡು, ಈಗಲೂ ಹೇಳದೆ ಇರಲಾರೆ. ಟಾಪ್ ತೆಗೆದರೆ ಬಾಡಿ ನಡುವಿನಲ್ಲಿ ಕುಗ್ಗುತ್ತದೆ. ಕೆಳಗೆ ಕಬ್ಬಿಣದ ಚಾನೆಲ್ ಕೊಟ್ಟು ಬೆಸೆಸಿದೆ. ಇವತ್ತಿಗೂ ಬಾಗಿಲು ಒಂದು ಬೆರಳಿಗೆ ಮುಚ್ಚುತ್ತದೆ. ಶ್ರೀನಿವಾಸಪುರಕ್ಕೆ ಓಡಿಸಿಕೊಂಡು ಬಂದ ದಿನ ಮಾವಿನ ಮಂಡಿಯವರು ಹರಾಜು ಬಿಟ್ಟು ರಸ್ತೆಗೆ ಬಂದರು. ಆ ಗುಂಪಿನಲ್ಲಿ ನೀನೂ ಇದ್ದೆ.

“ಅಣ್ಣಾ, ಟಾಪ್ ಎಲ್ಲಣ್ಣಾ?”

“ಎಲ್ಲುಳೀತಮ್ಮಾ, ಮರದ ಕೆಳಗೆ ನಿಂತೂ ನಿಂತೂ ತುಕ್ಕು ತಿಂದ್ಬಿಟ್ಟಿತ್ತು. ತಟ್ಟಿದ್ರೆ ದಬ್ ಅಂತಿತ್ತು.”

ನಿನ್ನ ಮುಖ ಇಳಿಯಿತು. “ಶೆಡ್ಡಿಂದ ಆಚೆ ಹಾಕ್ಸಿದ್ದು ನಾನೇ ಅಲ್ವಾ ಅಣ್ಣ. ಕಾಯಿ ಕ್ರೇಟ್ ಇಡಕ್ಕೆ ಜಾಗ ಇಲ್ಲ ಅಂತ ಅಪ್ಪನ ಹತ್ರ ಜಗಳ ಆಡಿ...”

ಆಗಲೇ ಹೇಳಬಹುದಿತ್ತು. ಎಂಜಿನ್ ನಿಲ್ಲಿಸಿ, ಕೆಳಗಿಳಿದು — ಆದರೆ ಜನ ನೋಡುತ್ತಿದ್ದರು, ನನ್ನ ಕೈ ಸ್ಟೇರಿಂಗ್ ಮೇಲಿತ್ತು. “ತಲೆಗೆ ಹಚ್ಕೋಬೇಡಮ್ಮಾ,” ಎಂದು ನಿನಗೇ ಬುದ್ಧಿ ಹೇಳಿ ಗೇರ್ ಹಾಕಿದೆ.

ನಿಮ್ಮಪ್ಪ ಟಾಪಿನ ಮಾತನ್ನು ಎತ್ತಲೇ ಇಲ್ಲ, ಕೊನೆಯವರೆಗೂ. ನಿಜ ಗೊತ್ತಿತ್ತೋ, ಅಥವಾ ತುಕ್ಕಿನ ಮಾತನ್ನೇ ನಂಬಿ ಮಗಳ ಮೇಲೆ ತಪ್ಪು ಬರುತ್ತದೆಂದು ಸುಮ್ಮನಿದ್ದರೋ... ಅದನ್ನು ಯೋಚಿಸಲು ಹೊರಟರೆ ಮುಂದೆ ಹೋಗಲಾಗುವುದಿಲ್ಲ.

ಮೊನ್ನೆ ಕೋಲಾರದಲ್ಲಿ ಹಳೆಯ ಗಾಡಿಗಳವರೆಲ್ಲ ಸೇರಿದಾಗ ಮೊದಲ ಹಾರ ನನಗೇ ಬಿತ್ತು. ನೀನು ದೂರದಿಂದ ಕೈ ಮುಗಿದೆ. ಆಮೇಲೆ, ಹಳೆಯ ಜೀಪು ತಂದಿದ್ದ ಯಾರಿಗೋ ನೀನು ಹೇಳುತ್ತಿದ್ದದ್ದು ಕಿವಿಗೆ ಬಿತ್ತು: “ಮರದ ಕೆಳಗೆ ಮಾತ್ರ ನಿಲ್ಲಿಸ್ಬೇಡಿ. ನಮ್ಮಪ್ಪನ ಗಾಡಿ ಹಾಳ್ ಮಾಡಿದ್ದು ನಾನೇ.”

ನನ್ನ ಗಾಡಿ ನಡುವಿನಲ್ಲಿ ನಿಂತು ಮಿಂಚುತ್ತಿತ್ತು. ಇಷ್ಟು ಚೆಂದದ ಗಾಡಿಯನ್ನು ‘ಹಾಳಾದದ್ದು’ ಎಂದುಕೊಂಡೇ ನೀನು ನೋಡುತ್ತ ಬಂದಿದ್ದೀಯೆ — ಹಾಗೆ ನೋಡುವಂತೆ ಮಾಡಿದವನು ನಾನು.

ಆ ಟಾಪ್ ಇನ್ನೂ ಇದೆ ಸುಗುಣಾ. ಒಡೆದ ಇಟ್ಟಿಗೆಯನ್ನೂ ಬಿಡದೆ ಮಾರುವವನು ನಾನು, ಆದರೆ ಗುಜರಿಯವನು ಎಷ್ಟು ಕೇಳಿದರೂ ಅದನ್ನು ಕೊಡಲಿಲ್ಲ. ಗೂಡಿನ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿಸಿದ್ದೇನೆ. ಮಳೆಗಾಲಕ್ಕೆ ಮುಂಚೆ ಎಣ್ಣೆ ಒರೆಸುತ್ತೇನೆ. ಯಾರಿಗಾಗಿ ಎಂದು ಕೇಳಿಕೊಂಡಿರಲಿಲ್ಲ.

ಭಾನುವಾರ ಅದನ್ನು ಲಾರಿಯಲ್ಲಿ ಹಾಕಿಕೊಂಡು ನಿಮ್ಮ ತೋಟಕ್ಕೆ ಬರುತ್ತೇನೆ. ಇಂಪಾಲಾವನ್ನೂ ತರುತ್ತೇನೆ. ಮತ್ತೆ ಬೆಸೆ ಎಂದರೆ ಬೆಸೆಸುತ್ತೇನೆ, ಮುಳಬಾಗಿಲಿನವನು ನಗಲಿ. ಬೇಡ ಎಂದರೆ ಅದು ನಿಮ್ಮ ಶೆಡ್ಡಿನಲ್ಲಿರಲಿ. ಈ ಸಲ ನಾನು ಚೌಕಾಸಿ ಮಾಡುವುದಿಲ್ಲ.

ನಿನ್ನ ಮೊಣಕಾಲಿನ ತಗ್ಗು ಹಾಗೇ ಇದೆ. ಅದರ ಪಕ್ಕದಲ್ಲಿ ಬೆರಳ ಗಿಣ್ಣಿನಿಂದ ಒಮ್ಮೆ ತಟ್ಟು. ಅದು ಏನು ಹೇಳುತ್ತದೆಂದು ನನಗೆ ಗೊತ್ತು. ನೀನು ಅದನ್ನು ಕೇಳಿಸಿಕೊಳ್ಳುವಾಗ ನಾನು ಎದುರಿಗೆ ನಿಂತಿರುತ್ತೇನೆ.