ತಿಕ್ಕಿಟ್ಟ ಲೋಟಗಳು

ಯಾವ ಊರಲ್ಲಿ ಯಾವ ಸಗಣಿ ಹುಳ ಇದೆ ಎಂದು ಹುಡುಕಿ ನಕ್ಷೆಯಲ್ಲಿ ಗುರುತು ಹಾಕುವುದೇ ನನ್ನ ಕೆಲಸ. ಗುಬ್ಬಿ ಹತ್ತಿರದ ತೆಂಗಿನ ತೋಟವೊಂದರಲ್ಲಿ ಹತ್ತು ಸ್ಟೀಲ್ ಲೋಟಗಳನ್ನು ನೆಲದ ಮಟ್ಟಕ್ಕೆ ಹೂತು, ಒಳಗೆ ಚೂರು ಸಗಣಿ ಹಾಕಿ ಬಂದಿದ್ದೆ. ವಾಸನೆಗೆ ಬಂದ ಹುಳ ಒಳಗೆ ಬೀಳಬೇಕು. ಮೂರನೇ ದಿನ ತುಮಕೂರಿಂದ ಬಸ್ಸಲ್ಲಿ ನಿಂತುಕೊಂಡೇ ಹೋದರೆ, ಬರೀ ಗುಂಡಿಗಳು.

ತೋಟದ ಯಜಮಾನಿ ಜಯಮ್ಮ ನಗುತ್ತಾ ಬಂದರು. “ಲೋಟದ ತುಂಬ ಹುಳ ಬಿದ್ದಿದ್ವು ಸಾರ್. ಕೋಳಿಗೆ ಸುರಿದು, ಬೂದಿ ಹಾಕಿ ತಿಕ್ಕಿಟ್ಟಿದೀನಿ.”

“ಎಷ್ಟು ಥರ ಹುಳ ಇದ್ವಮ್ಮ?”

“ಅಯ್ಯೋ, ಯಾರ್ ನೋಡುದ್ರು? ಕೋಳಿ ಒಂದೂ ಬುಡ್ಲಿಲ್ಲ.”

ನನ್ನ ನಕ್ಷೆಯಲ್ಲಿ ಗುಬ್ಬಿ ಈ ಸಲವೂ ಖಾಲಿ. ರೇಗುವ ಶಕ್ತಿಯೂ ಇಲ್ಲದೆ ಜಗಲಿ ಮೇಲೆ ಕೂತೆ.

“ಸುಸ್ತಾಗಿದೀರ, ಕಾಫಿ ಕುಡೀರಿ” ಎಂದು ಜಯಮ್ಮ ತಂದುಕೊಟ್ಟ ಲೋಟದ ಮೇಲೆ ನಾನೇ ಕೆತ್ತಿದ್ದ ಏಳನೇ ನಂಬರ್ ಇತ್ತು. ಕಣ್ಣು ಮುಚ್ಚಿಕೊಂಡು ಕುಡಿದೆ.