ಮತ್ತೆ ಹೊತ್ತಿದ ಹೊಟ್ಟಿನ ಬಾಯ್ಲರ್

ಒಂದು ಬೆಳಿಗ್ಗೆ ಗಂಡನಿಗೆ ಚಹಾ ಕೊಡುತ್ತ ಊರಮ್ಮ ಅವನ ಮುಖವನ್ನೇ ದಿಟ್ಟಿಸಿ, “ನಿಮಗ ಹುಬ್ಬು ಬಂದಾವಲ್ರೀ!” ಎಂದು ನಕ್ಕಳು. ಹುಲುಗಪ್ಪ ಬೆರಳಿನಿಂದ ಸವರಿಕೊಂಡ. ಹೌದು, ಮೊಂಡು ಕೂದಲು ಚುಚ್ಚುವ ಹಾಗೆ ಎದ್ದಿದ್ದವು. ಮದುವೆಯಾದ ಹೊಸತನ್ನು ಬಿಟ್ಟರೆ ಗಂಡನ ಹುಬ್ಬನ್ನು ಅವಳು ಕಂಡಿರಲೇ ಇಲ್ಲ. ಎಲ್ಲವನ್ನೂ ಉರಿ ತಿಂದುಹಾಕಿತ್ತು.

ಕುರುಗೋಡಿನಿಂದ ಹರೆಯದಲ್ಲೇ ಬಳ್ಳಾರಿಗೆ ಬಂದ ಹುಲುಗಪ್ಪ ಊರ ಹೊರಗಿನ ಒಂದು ಜೀನ್ಸ್ ವಾಷಿಂಗ್ ಕಾರ್ಖಾನೆಯಲ್ಲಿ ಬಾಯ್ಲರ್‌ಗೆ ಉರಿ ಹಾಕುವ ಕೆಲಸ ಹಿಡಿದಿದ್ದ. ಹೊಲಿದು ಬಂದ ಪ್ಯಾಂಟುಗಳನ್ನು ದೊಡ್ಡ ಡ್ರಮ್ಮುಗಳಿಗೆ ತುಂಬಿ, ಕುದಿನೀರಿನಲ್ಲಿ ತಿರುಗಿಸಿ ಬಣ್ಣ ಇಳಿಸುವ ಜಾಗ ಅದು. ನೀರು ಕುದಿಯಲು ಹಬೆ ಬೇಕು, ಹಬೆಗೆ ಬೆಂಕಿ ಬೇಕು, ಬೆಂಕಿಗೆ ಸಿರುಗುಪ್ಪದ ಅಕ್ಕಿ ಗಿರಣಿಗಳಿಂದ ಲಾರಿಗಟ್ಟಲೆ ಭತ್ತದ ಹೊಟ್ಟು ಬರುತ್ತಿತ್ತು. ಸಲಿಕೆಯಿಂದ ಹೊಟ್ಟು ಎತ್ತಿ ಎತ್ತಿ ಅವನ ಬಲಭುಜ ಎಡಕ್ಕಿಂತ ಕೆಳಗಿಳಿದಿತ್ತು. ಉಗುಳಿದರೆ ಉಗುಳೂ ಕಪ್ಪು. ಬಾಯ್ಲರಿನ ಹಿಂದಿನ ಬಾಯಿಂದ ಬೂದಿ ಎಳೆದು ಬುಟ್ಟಿಯಲ್ಲಿ ಹೊತ್ತುಹಾಕುತ್ತಿದ್ದವಳು ಎರ್ರಮ್ಮ. ಅವಳದೂ ಕುರುಗೋಡೇ. ಅವನಿಗಿಂತ ಹಿರಿಯಳಾದ್ದರಿಂದ ಹುಲುಗಪ್ಪ ಅಕ್ಕಾ ಎನ್ನುತ್ತಿದ್ದ. ಊಟದ ಹೊತ್ತಿಗೆ ಇಬ್ಬರೂ ಗೋಡೆಗೊರಗಿ ಕೂತು, ಮಾತಿಲ್ಲದೆ ಬುತ್ತಿ ಬಿಚ್ಚುತ್ತಿದ್ದರು.

ಆಮೇಲೆ ಗ್ಯಾಸು ಬಂತು. ರಸ್ತೆ ಅಗೆದರು, ಹಳದಿ ಪೈಪು ಹೂತರು, ಕಾರ್ಖಾನೆಯ ಗೋಡೆಯ ಮೇಲೆ ಮೀಟರು ಕೂರಿಸಿದರು. ಹೊಟ್ಟಿನ ಬಾಯ್ಲರ್ ಇದ್ದಲ್ಲೇ ತಣ್ಣಗಾಯಿತು. ಅದರ ಪಕ್ಕದಲ್ಲಿ ಬೀರುವಿನಂಥ ಹೊಸ ಬಾಯ್ಲರ್ ನಿಂತಿತು. ಗುಂಡಿ ಒತ್ತಿದರೆ ಒಳಗೆ ನೀಲಿ ಉರಿ ಹತ್ತುತ್ತಿತ್ತು, ಅಷ್ಟೆ. ಹೊಗೆಯಿಲ್ಲ, ಬೂದಿಯಿಲ್ಲ. ಹಬೆಯ ಒತ್ತಡ ತೋರಿಸುವ ಮುಳ್ಳು ಎಲ್ಲಿದೆ ಎಂದು ನೋಡುತ್ತ ಕೂರಲು ಒಬ್ಬ ಸಾಕಾಗಿತ್ತು. ಆ ಒಬ್ಬ ಹುಲುಗಪ್ಪನಾದ. ಎರ್ರಮ್ಮನಿಗೆ ಕಾರ್ಖಾನೆಯ ಸಾವ್ಕಾರ ಮೈಲಾರಲಿಂಗಪ್ಪ ಒಂದು ಸೀರೆ ಕೊಟ್ಟು ಕೆಲಸ ಬಿಡಿಸಿ ಕಳಿಸಿದ.

ಮಗಳು ಚೈತ್ರಾ ಡಿಗ್ರಿ ಓದುತ್ತಿದ್ದಳು. ಈ ಗ್ಯಾಸು ಎಲ್ಲಿಂದ ಬರುತ್ತದೆಂದು ಅಪ್ಪ ಕೇಳಿದಾಗ ಅವಳು ವಿವರಿಸಿದಳು: “ಅರಬ್ ದೇಶದಾಗ ನೆಲದಿಂದ ತೆಗೀತಾರಪ್ಪ. ಗಡಗಡ ನಡುಗೋವಷ್ಟು ತಣ್ಣಗ ಮಾಡಿ, ನೀರಿನಂಗ ಮಾಡಿ, ಹಡಗಿನಾಗ ತರ್ತಾರ. ಇಲ್ಲಿ ಇಳಿಸಿ ಮತ್ತ ಗ್ಯಾಸ್ ಮಾಡ್ತಾರ. ಕಲ್ಲಿದ್ದಲಿನಷ್ಟು ಹೊಗಿ ಇರಂಗಿಲ್ಲ. ಬಿಸಿಲು, ಗಾಳಿಯಿಂದ ಕರೆಂಟು ಪೂರ್ತಿ ಸಿಗೋತನಕ ಚೀನಾ, ಜಪಾನ್, ನಾವು, ಎಲ್ಲಾರೂ ಇದನ್ನ ಹಿಡಕೊಂಡ ಕಲ್ಲಿದ್ದಲಿನ ಕಾಲ ದಾಟಬೇಕಂತ.”

“ಕುಡತಿನಿ ಕರೆಂಟಿನ ಕಾರ್ಖಾನ್ಯಾಗ ಇನ್ನೂ ಕಲ್ಲಿದ್ದಲು ಸುಡಾಕತ್ತಾರಲ್ಲವ್ವ?”

“ಅದಕ್ಕ ಇನ್ನೂ ದಾಟಿಲ್ಲ ಅನ್ನೋದು,” ಎಂದು ಚೈತ್ರಾ ನಕ್ಕಳು.

ಹುಲುಗಪ್ಪನಿಗೆ ಅಷ್ಟೆಲ್ಲ ತಲೆಗೆ ಹೋಗಲಿಲ್ಲ. ಅವನಿಗೆ ಗೊತ್ತಾದದ್ದು ತನ್ನ ಮೈ ಹೇಳಿದ್ದು ಮಾತ್ರ. ಹುಬ್ಬು ಮೊಳೆಯಿತು, ಕೆಮ್ಮು ಇಳಿಯಿತು. ಸಂಜೆ ಮನೆಗೆ ಬಂದರೆ ಕೂತು ಮಾತಾಡುವಷ್ಟು ಜೀವ ಉಳಿದಿರುತ್ತಿತ್ತು. ಊರಮ್ಮ ಅವನ ಅಂಗಿಯನ್ನು ಬೇರೆ ಬಕೆಟಿನಲ್ಲಿ ನೆನೆಹಾಕುವುದನ್ನು ಬಿಟ್ಟಳು. ಮೈ ಒಂದು ಸಲ ಸುಖ ಕಂಡ ಮೇಲೆ ಹಳೆಯ ದಣಿವೆಲ್ಲ ಒಟ್ಟಿಗೆ ಹೊರಬರುತ್ತದೇನೋ, ಬಾಯ್ಲರಿನ ಮುಂದೆ ಕೂತಲ್ಲೇ ಅವನಿಗೆ ಕಣ್ಣು ಎಳೆಯುತ್ತಿತ್ತು.

ಮರುವರ್ಷ ಬೇಸಿಗೆಯ ಬಾಯಿಗೆ ದೂರದ ಸಮುದ್ರದಲ್ಲಿ ಯುದ್ಧವೆದ್ದಿತು. ಗ್ಯಾಸು ತರುವ ಹಡಗುಗಳು ಅಲ್ಲಲ್ಲೇ ನಿಂತವು. ಟಿವಿಯಲ್ಲಿ ತೋರಿಸಿದ ಬಾಂಬಿನ ಹೊಗೆಗೂ ತನಗೂ ಏನು ಸಂಬಂಧ ಎಂದುಕೊಂಡಿದ್ದ ಹುಲುಗಪ್ಪನನ್ನು ಸಾವ್ಕಾರ ಕರೆದ.

“ಹುಲುಗಪ್ಪಾ, ಗ್ಯಾಸಿನ ರೇಟು ಮುಗಿಲಿಗೆ ಹೋಗೇತಿ. ಅದೂ ಕಾರ್ಖಾನಿಗಳಿಗಿ ಅರ್ಧಾನ ಬಿಡ್ತಾರಂತ. ಹಳೇ ಬಾಯ್ಲರ್ ಹಚ್ಚಬೇಕು. ಸಿರುಗುಪ್ಪಕ್ಕ ಹೋಗಿ ಹೊಟ್ಟಿಗಿ ಹೇಳಿ ಬಾ. ಬರುವಾಗ ಕುರುಗೋಡಿಗಿ ಹೋಗಿ ಎರ್ರಮ್ಮನ್ನೂ ಕರಕೊಂಡ ಬಾ.”

ಹುಲುಗಪ್ಪ ಮಾರನೆಯ ದಿನ ಬಸ್ಸು ಹತ್ತಿದ.

ಸಿರುಗುಪ್ಪದ ಗಿರಣಿಯಲ್ಲಿ ಹೊಟ್ಟಿಗಾಗಿ ಜಗಳವೇ ನಡೆದಿತ್ತು. ಇಟ್ಟಿಗೆ ಭಟ್ಟಿಯವರು, ಅವನಂಥ ಕಾರ್ಖಾನೆಯವರು, ಎಲ್ಲರೂ ಒಮ್ಮೆಲೇ ಬಂದಿದ್ದರು. ಗಿರಣಿಯ ಮೇಸ್ತ್ರಿ ತಿಪ್ಪೇಶ ಹಳೆಯ ಪರಿಚಯದವನು. “ಗ್ಯಾಸ್ ಬಂದಾಗ ನಮ್ಮನ್ನ ಮರ್ತಿದ್ರಿ. ಈಗ ಬಂದೀರಿ ನೋಡು,” ಎಂದು ಹಂಗಿಸಿದ. ಆದರೂ ವಾರಕ್ಕೆ ಒಂದು ಲಾರಿ ಕಳಿಸಲು ಒಪ್ಪಿಕೊಂಡ. ಗಾಳಿಯಲ್ಲಿ ತೇಲುತ್ತಿದ್ದ ದೂಳು ಮೂಗಿಗೆ ಹೊಕ್ಕದ್ದೇ ತಡ, ಹುಲುಗಪ್ಪ ಕೆಮ್ಮತೊಡಗಿದ. ಕಣ್ಣಲ್ಲಿ ನೀರು ಬರುವವರೆಗೂ ಕೆಮ್ಮಿದ.

ಕುರುಗೋಡಿನ ಬಸ್ ನಿಲ್ದಾಣದ ಪಕ್ಕದಲ್ಲಿ ಎರ್ರಮ್ಮ ಮಿರ್ಚಿ ಕರಿಯುತ್ತ ಕೂತಿದ್ದಳು. ಕಾರ್ಖಾನೆ ಬಿಟ್ಟ ಮೇಲೆ ಅವಳು ತಳ್ಳುಬಂಡಿಯಲ್ಲಿ ಮಿರ್ಚಿ, ಒಗ್ಗರಣೆ ಮಂಡಕ್ಕಿ ಮಾರಲು ಶುರುಮಾಡಿದ್ದಳು. ಬಂಡಿಯ ಕೆಳಗೆ ಖಾಲಿ ಸಿಲಿಂಡರು ಅಡ್ಡ ಬಿದ್ದಿತ್ತು. ನೆಲದ ಮೇಲೆ ಮೂರು ಕಲ್ಲಿಟ್ಟು ಜಾಲಿ ಕಟ್ಟಿಗೆ ಉರಿಸಿದ್ದಳು. ಬಾಣಲೆಯ ಮೇಲೆ ಬಾಗಿದ ಮುಖ ಬೆವೆತಿತ್ತು.

“ಬಾ ತಮ್ಮಾ, ಕುಂದ್ರು,” ಎಂದು ಕಾಗದದ ಮೇಲೆ ಬಿಸಿ ಮಿರ್ಚಿ ಹಾಕಿಕೊಟ್ಟಳು. ಅವನು ತಿನ್ನುತ್ತ, ತಲೆ ತಗ್ಗಿಸಿಕೊಂಡು ಸಾವ್ಕಾರನ ಮಾತು ಮುಟ್ಟಿಸಿದ.

ಎರ್ರಮ್ಮ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. “ನಾ ಬರಂಗಿಲ್ಲ.”

“ಇಲ್ಲೂ ಹೊಗೀನೇ ಕುಡ್ಯಾಕತ್ತೀಯಲ್ಲಕ್ಕ.”

“ಕುಡೀತೀನಿ. ಸಿಲಿಂಡರ್ ಸಿಗವಲ್ದು, ಏನ ಮಾಡ್ಲಿ? ಆದರ ಇದು ನನ್ನ ಒಲಿ. ಸಾಕಾದರ ನೀರು ಚೆಲ್ಲಿ ಮನಿಗಿ ಹೋಗ್ತೀನಿ. ಅಲ್ಲಿ ಹಂಗ ಹೋಗಾಕ ಬರ್ತದೇನು?” ಇನ್ನೊಂದು ಮಿರ್ಚಿ ಎಣ್ಣೆಗೆ ಬಿಟ್ಟು ಕೇಳಿದಳು, “ನಿನಗ ಸಾಕಾಗಿಲ್ಲೇನು?”

ಅವನು ಮಿರ್ಚಿಯ ತೊಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ. ಸಾಕಾಗಿತ್ತು. ಆದರೆ ಹಾಗೆ ಯಾರೂ ಅವನನ್ನು ಕೇಳಿರಲಿಲ್ಲ, ಅವನೂ ತನ್ನನ್ನು ಕೇಳಿಕೊಂಡಿರಲಿಲ್ಲ.

ಬಳ್ಳಾರಿಗೆ ಒಬ್ಬನೇ ಮರಳಿದ. ಹಳೆಯ ಬಾಯ್ಲರ್ ಹೊತ್ತಿತು. ಬೇಸಿಗೆಯುದ್ದಕ್ಕೂ ಹೊಟ್ಟು ಹಾಕುವವನೂ ಅವನೇ, ಬೂದಿ ಎಳೆಯುವವನೂ ಅವನೇ. ಹೊಗೆ ಕೊಳವೆಯ ಮಸಿ ಅಕ್ಕಪಕ್ಕದ ಮನೆಗಳ ಮಾಳಿಗೆಯ ಮೇಲೆ ಉದುರಿ ಹೆಂಗಸರು ಗೇಟಿನ ಮುಂದೆ ಬಂದು ಬೈದರು. ಅವನು ಬೈಸಿಕೊಂಡ. ಮನೆಗೆ ಬಂದವನೇ ಕೈಕಾಲಿಗೂ ನೀರು ಹಾಕಿಕೊಳ್ಳದೆ ಹೊರಗಿನ ಕಟ್ಟೆಯ ಮೇಲೆ ಉರುಳಿಬಿಡುತ್ತಿದ್ದ.

ಮಳೆಗಾಲ ಕಳೆಯುವಾಗ ಗ್ಯಾಸು ಮತ್ತೆ ಸರಿಯಾಗಿ ಬರತೊಡಗಿತು. ಸಾವ್ಕಾರ ಖುಷಿಯಿಂದ ಹೇಳಿದ: “ಎರಡೂ ಇಟಗೊಳ್ಳೂನು. ಗ್ಯಾಸು ಅಗ್ಗ ಇದ್ದಾಗ ಅದು, ಇಲ್ಲಾಂದರ ಹೊಟ್ಟು. ನೀ ಹೆಂಗಿದ್ರೂ ಅದಿಯಲ್ಲ.”

“ನಾ ಇಲ್ರಿ,” ಎಂದ ಹುಲುಗಪ್ಪ. ತನ್ನ ದನಿ ಇಷ್ಟು ಮೆತ್ತಗೆ ಬಂದದ್ದು ಅವನಿಗೇ ಸೋಜಿಗವಾಯಿತು. “ನನ್ನ ಒಣಗ್ಸೋ ಬಯಲಿಗಿ ಹಾಕ್ರಿ. ಪ್ಯಾಂಟು ತಂತಿ ಮ್ಯಾಲ ಹಾಕ್ತೀನಿ, ತೆಗೀತೀನಿ.”

“ಅಲ್ಲಿ ಕೂಲಿ ಕಮ್ಮಿ ಐತೋ. ಹೆಣ್ಣಾಳು ಮಾಡೋ ಕೆಲಸ.”

“ಇರ್ಲಿ ಬಿಡ್ರಿ.”

ಸಾವ್ಕಾರ ಗದರಿದ, ಆಮೇಲೆ ಪುಸಲಾಯಿಸಿದ. ಹುಲುಗಪ್ಪ ನಿಂತಲ್ಲೇ ನಿಂತಿದ್ದ. ಕೊನೆಗೆ ರಾಯಚೂರು ಕಡೆಯ ಮಾರೇಶ ಎಂಬವನನ್ನು ಬಾಯ್ಲರಿಗೆ ತಂದರು. ಗ್ಯಾಸಿನ ಗುಂಡಿ ಯಾವುದು, ಹೊಟ್ಟನ್ನು ಎಷ್ಟು ತೆಳ್ಳಗೆ ಚೆಲ್ಲಬೇಕು, ಎರಡನ್ನೂ ಹುಲುಗಪ್ಪನೇ ಅವನಿಗೆ ತೋರಿಸಿಕೊಟ್ಟ. “ಮೂಗಿಗಿ ಬಟ್ಟಿ ಕಟಗೊ,” ಎಂದ. ಮಾರೇಶ ತಲೆಯಾಡಿಸಿದ, ಕಟ್ಟಿಕೊಳ್ಳಲಿಲ್ಲ.

ಬಯಲಿನಲ್ಲಿ ಬಿಸಿಲು ಸುಡುತ್ತಿತ್ತು. ಹಸಿ ಪ್ಯಾಂಟಿನ ಭಾರಕ್ಕೆ ಕೆಳಗಿಳಿದ ಭುಜ ಇನ್ನಷ್ಟು ನೋಯುತ್ತಿತ್ತು. ಆದರೆ ಗಾಳಿ ಬೀಸುತ್ತಿತ್ತು. ಉದ್ದಕ್ಕೆ ಕಟ್ಟಿದ ತಂತಿಗಳ ಸಾಲಿನ ನಡುವೆ ಹುಲುಗಪ್ಪ ಒಂದೊಂದೇ ಪ್ಯಾಂಟನ್ನು ಕೊಡವಿ ಹಾಕುತ್ತ ನಿಧಾನಕ್ಕೆ ನಡೆದ. ಸಾಲು ಮುಗಿದಲ್ಲಿ ಪ್ಯಾಂಟುಗಳ ನೆರಳಿತ್ತು. ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ಸುಮ್ಮನೆ ಉಸಿರು ಎಳೆದುಕೊಂಡ. ಎದೆಯಲ್ಲಿ ಇನ್ನೂ ಗೊರಗೊರ ಸದ್ದಿತ್ತು.