ಲ್ಯಾಪ್‌ಟಾಪಿನ ಮುಂದೆ ಕರೆವ್ವ

ಜೋಳ ಹಸನು ಮಾಡಿದೆ, ಗಾಂಧಿ ಗಂಜಿನ ಪೇಟೆಯಿಂದ ತೊಗರಿಬೇಳೆ ತಂದೆ, ಕಾಲು ಮುರಿದು ನಮ್ಮ ಬೀದರ ಮನೆಯಲ್ಲಿರುವ ಅತ್ತೆಗೆ ಗುಳಿಗೆ ಕೊಟ್ಟೆ. "ಊರಾಗ ನನ್ನ ಕುರಿ ಕರೆವ್ವ ಸತ್ತಾಳ, ನೀವು ಮುಚ್ಚಿಡ್ಲತ್ತೀರಿ" ಎಂದು ಅವರು ಊಟವನ್ನೇ ಬಿಟ್ಟಿದ್ದರು.

ಊರಲ್ಲಿ, ಭಾತಂಬ್ರಾದಲ್ಲಿರುವ ಮೈದುನನ ಮಗಳಿಗೆ ವಿಡಿಯೊ ಕಾಲ್ ಹಚ್ಚಿದೆ. "ಈ ಲ್ಯಾಪ್‌ಟಾಪಿನ ಬೆನ್ನಿಗೊಂದು ಕ್ಯಾಮೆರಾ ಇಟ್ಟಿದ್ರ ಮಾಡಿದವರ ಗಂಟೇನ್ ಹೋಗ್ತಿತ್ತು ದೊಡ್ಡವ್ವಾ?" ಎನ್ನುತ್ತ ಆಕೆ ಲ್ಯಾಪ್‌ಟಾಪನ್ನೇ ತಿರುಗಿಸಿ ಕುರಿಯ ಮುಂದೆ ಹಿಡಿದಳು. ಅತ್ತೆಯ ಮುಖವಿದ್ದ ಪರದೆಯೂ ಕುರಿಯ ಕಡೆಗೇ ತಿರುಗಿತು.

"ಬಾ ನನ್ನವ್ವಾ" ಎಂದು ಅತ್ತೆ ಕರೆದರು. ಮೇವು ಬಿಟ್ಟು ಮಲಗಿದ್ದ ಕುರಿ ಎದ್ದು ಬಂದು ಪರದೆಯನ್ನು ಮೂಸಿತು. ನಮಗೆ ಕಂಡದ್ದು ಒಂದು ಒದ್ದೆ ಮೂಗು. ಆಗ ನನಗೆ ಹೊಳೆಯಿತು: ಬೆನ್ನಿಗೆ ಕ್ಯಾಮೆರಾ ಇದ್ದಿದ್ದರೆ ಅತ್ತೆಗೆ ಕುರಿ ಕಾಣುತ್ತಿತ್ತು, ಕುರಿಗೆ ಅತ್ತೆ ಕಾಣುತ್ತಿರಲಿಲ್ಲ.

ಅಂದು ಅತ್ತೆ ಪುಂಡಿಪಲ್ಯದ ಜೊತೆ ಎರಡು ರೊಟ್ಟಿ ಉಂಡು, ನಮ್ಮೆಲ್ಲರಿಗಿಂತ ಮೊದಲು ಮಲಗಿದರು.